ಮುಸುಕಿನ ಜೋಳದ ತೇವಾಂಶ ಮತ್ತು ತೂಕದ ಲೆಕ್ಕ

ಮುಸುಕಿನ ಜೋಳವನ್ನು ಕಣದಲ್ಲಿ ಒಣಗಿಸಿದಾಗ ತೂಕ ಕಡಿಮೆಯಾಗುವುದು ರೈತರೆಲ್ಲರಿಗೂ ತಿಳಿದ ವಿಷಯ. ಆದರೆ ಎಷ್ಟು ಕಡಿಮೆಯಾಗಬೇಕೆಂದು ಲೆಕ್ಕ ಹಾಕಿ ನೋಡುವವರು ವಿರಳ. ಶೇಕಡಾ 22 ತೇವಾಂಶವಿರುವ 50 ಕ್ವಿಂಟಾಲ್ ಕಾಳನ್ನು ಶೇಕಡಾ 14ಕ್ಕೆ ಒಣಗಿಸಿದರೆ ಶೇಕಡಾ 8ರಷ್ಟು, ಅಂದರೆ 400 ಕಿಲೋ ಹೋಗುತ್ತದೆಂದು ಸಾಮಾನ್ಯವಾಗಿ ಭಾವಿಸುತ್ತಾರೆ. ತೂಗಿದಾಗ ಸುಮಾರು 465 ಕಿಲೋ ಕಡಿಮೆ ಬರುತ್ತದೆ. ಉಳಿದ 65 ಕಿಲೋ ಎಲ್ಲಿ ಹೋಯಿತೆಂದು ಆಳಿನ ಮೇಲೋ ತಕ್ಕಡಿಯ ಮೇಲೋ ಅನುಮಾನ ಹುಟ್ಟುತ್ತದೆ. ಇಲ್ಲಿ ಯಾರೂ ಕದ್ದಿಲ್ಲ, ತಪ್ಪಿರುವುದು ಲೆಕ್ಕ.

ಲೆಕ್ಕದ ತತ್ವ

ಕಾಳಿನಲ್ಲಿರುವುದು ಎರಡೇ ಭಾಗ: ನೀರು ಮತ್ತು ಒಣ ಪದಾರ್ಥ. ಬಿಸಿಲಿಗೆ ನೀರು ಹೋಗುತ್ತದೆ. ಒಣ ಪದಾರ್ಥ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಮೊದಲು ಒಣ ಪದಾರ್ಥವನ್ನು ಕಂಡುಹಿಡಿಯಬೇಕು. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲನ್ನು ಬತ್ತಿಸುವಾಗ ಎಂಜಿನಿಯರುಗಳು ಹಾಕುವುದೂ ಇದೇ ಲೆಕ್ಕ. ಇದಕ್ಕೆ ಪದಾರ್ಥ ಸಮತೋಲನ ಎಂದು ಹೆಸರು.

ಮೇಲಿನ ಉದಾಹರಣೆಯಲ್ಲಿ:

ಒಟ್ಟು ಕಾಳು: 5000 ಕಿಲೋ
ನೀರು (ಶೇ. 22): 1100 ಕಿಲೋ
ಒಣ ಪದಾರ್ಥ (ಶೇ. 78): 3900 ಕಿಲೋ

ಒಣಗಿದ ಮೇಲೆ ನೀರು ಶೇಕಡಾ 14 ಆದರೆ ಒಣ ಪದಾರ್ಥ ಶೇಕಡಾ 86 ಆಗುತ್ತದೆ. 3900ನ್ನು 100ರಿಂದ ಗುಣಿಸಿ 86ರಿಂದ ಭಾಗಿಸಿದರೆ 4535 ಕಿಲೋ. ಹೋದ ನೀರು 465 ಕಿಲೋ. ಶೇಕಡಾ 22 ಎಂಬುದು ಹಸಿ ಕಾಳಿನ ತೂಕಕ್ಕೆ, ಶೇಕಡಾ 14 ಎಂಬುದು ಒಣಗಿದ ಕಾಳಿನ ತೂಕಕ್ಕೆ ಸಂಬಂಧಿಸಿದ್ದು. ಆದುದರಿಂದ ಒಂದರಿಂದ ಇನ್ನೊಂದನ್ನು ನೇರವಾಗಿ ಕಳೆಯಬಾರದು.

100 ಕಿಲೋ ಹಸಿ ಕಾಳು ಶೇಕಡಾ 14ಕ್ಕೆ ಒಣಗಿದಾಗ ಉಳಿಯುವ ತೂಕ:

ತೇವಾಂಶ ಶೇ. 18 ಇದ್ದರೆ – 95.3 ಕಿಲೋ
ಶೇ. 20 ಇದ್ದರೆ – 93.0 ಕಿಲೋ
ಶೇ. 22 ಇದ್ದರೆ – 90.7 ಕಿಲೋ
ಶೇ. 24 ಇದ್ದರೆ – 88.4 ಕಿಲೋ

ಹಸಿಯಾಗಿ ಮಾರಬೇಕೆ, ಒಣಗಿಸಿ ಮಾರಬೇಕೆ?

ಶೇಕಡಾ 14 ತೇವಾಂಶದ ಕಾಳಿಗೆ ಕ್ವಿಂಟಾಲಿಗೆ 2000 ರೂಪಾಯಿ ಬೆಲೆ ಇದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಶೇಕಡಾ 22ರ ಒಂದು ಕ್ವಿಂಟಾಲ್ ಒಣಗಿದರೆ 90.7 ಕಿಲೋ, ಅದರ ಬೆಲೆ ಸುಮಾರು 1814 ರೂಪಾಯಿ. ವ್ಯಾಪಾರಿ ಹಸಿ ಕಾಳಿಗೆ 1700 ರೂಪಾಯಿ ಕೊಡುವುದಾದರೆ ಅಂತರ 114 ರೂಪಾಯಿ. ಒಂದು ಕ್ವಿಂಟಾಲ್ ಒಣಗಿಸುವ ಕೂಲಿ ಮತ್ತಿತರ ಖರ್ಚು ಇದಕ್ಕಿಂತ ಕಡಿಮೆಯಿದ್ದು, ಮಳೆಯ ಭಯವಿಲ್ಲದಿದ್ದರೆ ಒಣಗಿಸುವುದು ಲಾಭಕರ. ಮೋಡ ಕವಿದಿದ್ದರೆ ಮಾರುವುದೇ ಲೇಸು.

ತಕ್ಕಡಿಯಿಂದಲೇ ತೇವಾಂಶ ತಿಳಿಯುವ ಕ್ರಮ

ತೇವಾಂಶ ಮಾಪಕ ಪ್ರತಿ ಮನೆಯಲ್ಲೂ ಇರುವುದಿಲ್ಲ. ರಾಶಿಯ ಹಲವು ಕಡೆಯಿಂದ ಕಾಳು ತೆಗೆದು ಬೆರೆಸಿ ಒಮ್ಮೆ ಪರೀಕ್ಷೆ ಮಾಡಿಸಿದರೆ ಸಾಕು. ಅದೇ ದಿನ 10 ಕಿಲೋ ಕಾಳು ತೂಗಿ, ಅದೇ ಕಣದಲ್ಲಿ, ಉಳಿದ ಕಾಳಿನಷ್ಟೇ ದಪ್ಪವಾಗಿ, ಬೇರೆ ತಾಟಿನ ಮೇಲೆ ಹರವಬೇಕು. ಸಂಜೆ ಅದನ್ನು ಮಾತ್ರ ತೂಗಬೇಕು. ಮೊದಲು ಶೇಕಡಾ 22 ಇದ್ದ ಕಾಳು 9 ಕಿಲೋ 70 ಗ್ರಾಂಗೆ ಇಳಿದಾಗ ತೇವಾಂಶ ಶೇಕಡಾ 14ಕ್ಕೆ ಬಂದಿದೆಯೆಂದು ತಿಳಿಯಬಹುದು. ಈ ಕಾಳು ಚೆಲ್ಲದಂತೆ, ಕೋಳಿ ಹಕ್ಕಿಗಳು ತಿನ್ನದಂತೆ ನೋಡಿಕೊಳ್ಳಬೇಕು.

ಹಸಿ–ಒಣ ಕಾಳು ಬೆರೆಸಬಾರದು

ಶೇಕಡಾ 12ರ 30 ಕ್ವಿಂಟಾಲ್ ಕಾಳಿಗೆ ಶೇಕಡಾ 20ರ 20 ಕ್ವಿಂಟಾಲ್ ಬೆರೆಸಿದರೆ ನೀರು 360 ಮತ್ತು 400, ಒಟ್ಟು 760 ಕಿಲೋ. 5000 ಕಿಲೋಗೆ ಇದು ಶೇಕಡಾ 15.2. ಆದರೆ ಇದು ಸರಾಸರಿ ಮಾತ್ರ. ರಾಶಿಯೊಳಗೆ ಹಸಿ ಕಾಳು ಗುಂಪಾಗಿ ಉಳಿದ ಕಡೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಇದು ಕೋಳಿ, ದನಕರುಗಳಿಗೂ ಮನುಷ್ಯರಿಗೂ ಅಪಾಯಕರ. ಆದ್ದರಿಂದ ಪ್ರತಿಯೊಂದು ರಾಶಿಯನ್ನೂ ಬೇರೆಯಾಗಿಯೇ ಒಣಗಿಸತಕ್ಕದ್ದು.

ಲೆಕ್ಕಕ್ಕಿಂತ ತೂಕ ಕಡಿಮೆ ಬಂದರೆ

ಮೇಲಿನ 50 ಕ್ವಿಂಟಾಲ್ ಒಣಗಿ 4535 ಕಿಲೋ ಬರಬೇಕಾದಲ್ಲಿ 4450 ಬಂದರೆ, 85 ಕಿಲೋಗೆ ಕಾರಣ ಹುಡುಕಬೇಕು. ಕಾಳು ಶೇಕಡಾ 14ಕ್ಕಿಂತ ಹೆಚ್ಚು ಒಣಗಿರಬಹುದು. ದೂಳು, ಬೆಂಡಿನ ಚೂರು ತೂರಿಹೋಗಿರಬಹುದು. ಹಕ್ಕಿ, ಇಲಿ ತಿಂದಿರಬಹುದು. ಇವು ಯಾವುವೂ ಅಲ್ಲವಾದರೆ ಆಗ ತಕ್ಕಡಿಯನ್ನು ಪರೀಕ್ಷಿಸುವುದು ನ್ಯಾಯ. ಕಣದಿಂದ ಮಂಡಿಗೆ ಹೊರಡುವ ಮುನ್ನ ಒಂದು ಚೀಟಿಯಲ್ಲಿ ಈ ಲೆಕ್ಕ ಬರೆದಿಟ್ಟುಕೊಂಡ ರೈತರು ಸುಳ್ಳು ಅನುಮಾನದಿಂದಲೂ ನಿಜವಾದ ನಷ್ಟದಿಂದಲೂ ಪಾರಾಗಬಹುದು.