ರಾಜ್ಯಶಾಸ್ತ್ರ ಶಾಸ್ತ್ರ ಹೇಗಾದೀತು?

ಪ್ರಶ್ನೆ: ಮಗಳು ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ತೆಗೆದುಕೊಳ್ಳುತ್ತೇನೆ ಅನ್ನುತ್ತಿದ್ದಾಳೆ. ನಮ್ಮೂರ ಹೋಟೆಲಿನಲ್ಲಿ ಬೆಳಗ್ಗೆ ಬೈಟು ಕಾಫಿ ಕುಡಿಯುವವರೆಲ್ಲ ಮಾತಾಡುವುದು ರಾಜಕೀಯವನ್ನೇ. ಅದಕ್ಕೊಂದು ಶಾಸ್ತ್ರ ಬೇಕೆ? ಪ್ರಯೋಗಾಲಯವಿಲ್ಲ, ಸೂತ್ರವಿಲ್ಲ, ಹೇಳಿದ ಭವಿಷ್ಯ ನಿಜವಾಗುವುದಿಲ್ಲ. ಇದನ್ನು ಸೈನ್ಸ್ ಎನ್ನುವುದು ಹೇಗೆ? ಯಾರು, ಯಾವಾಗ ಶುರುಮಾಡಿದರು?
– ಒಬ್ಬ ಓದುಗರು, ಹಾವೇರಿ

ಉತ್ತರ: ಮೊದಲು ನಿಮ್ಮ ಹೋಟೆಲಿಗೇ ಬರೋಣ. ‘ಪಂಚಾಯ್ತಿ ಅಧ್ಯಕ್ಷಗಿರಿ ಪರಿಶಿಷ್ಟ ಜಾತಿಗೆ ಮೀಸಲಾದರೆ ಸವಲತ್ತೆಲ್ಲ ಅವರ ಕೇರಿಗೇ ಹೋಗುತ್ತದೆ’ ಎಂದು ಒಂದು ಮೇಜಿನವರು ಹೇಳುತ್ತಾರೆ. ‘ಅಧ್ಯಕ್ಷರು ಯಾರಾದರೇನು, ಹಿಂದೆ ನಿಂತು ನಡೆಸುವವರು ಊರಿನ ಹಳೆಯ ಯಜಮಾನರೇ’ ಎಂದು ಪಕ್ಕದ ಮೇಜಿನವರು. ಎರಡೂ ಕಡೆ ಉದಾಹರಣೆಗಳಿಗೆ ಬರವಿಲ್ಲ. ಕಾಫಿ ಮುಗಿಯುತ್ತದೆ, ವಾದ ನಾಳೆಗೆ ಉಳಿಯುತ್ತದೆ. ಇಬ್ಬರಲ್ಲಿ ಯಾರ ಮಾತು ಸರಿ ಎಂದು ತಿಳಿಯಲು ಯಾವುದನ್ನು ಯಾವುದರ ಪಕ್ಕ ಇಟ್ಟು ನೋಡಬೇಕು? ಅಲ್ಲಿಂದ ರಾಜ್ಯಶಾಸ್ತ್ರದ ಕೆಲಸ ಶುರು.

ಮೀಸಲಾದ ಪಂಚಾಯ್ತಿ ಒಂದಷ್ಟು, ಮೀಸಲಾಗದ್ದು ಒಂದಷ್ಟು ಹಿಡಿದು ಲೆಕ್ಕ ಹಾಕಿದರಾಯಿತಲ್ಲ ಎನ್ನಬಹುದು. ಆಗದು. ಪರಿಶಿಷ್ಟರು ಹೆಚ್ಚಿರುವ ಕಡೆಯೇ ಮೀಸಲಾತಿ ಮೊದಲು ಬರುವುದರಿಂದ, ಕಂಡ ವ್ಯತ್ಯಾಸ ಕುರ್ಚಿಯಿಂದ ಬಂದದ್ದೋ ಜನಸಂಖ್ಯೆಯಿಂದ ಬಂದದ್ದೋ ಗೊತ್ತಾಗುವುದಿಲ್ಲ. ಸಂಶೋಧಕರಾದ ಥ್ಯಾಡ್ ಡನ್ನಿಂಗ್ ಮತ್ತು ಜಾಹ್ನವಿ ನಿಲೇಕಣಿ ನಮ್ಮ ಕರ್ನಾಟಕದಲ್ಲೇ ಇದಕ್ಕೊಂದು ದಾರಿ ಕಂಡುಕೊಂಡರು. ಪರಿಶಿಷ್ಟರು ಹೆಚ್ಚಿರುವ ಪಂಚಾಯ್ತಿ ಮೇಲೆ, ಕಡಿಮೆ ಇರುವುದು ಕೆಳಗೆ ಎಂಬ ಪಟ್ಟಿಯಲ್ಲಿ ಮೀಸಲಾತಿ ಸರದಿಯಂತೆ ಕೆಳಗಿಳಿಯುತ್ತದೆ. ಪ್ರತಿ ಸಲವೂ ಗೆರೆ ಎಲ್ಲೋ ಒಂದು ಕಡೆ ಬೀಳಲೇಬೇಕು. ಗೆರೆಗೆ ಅಂಟಿಕೊಂಡು ಮೇಲಿರುವ ಪಂಚಾಯ್ತಿಗೂ, ಅದರ ಕೆಳಗೇ ಇರುವ ಪಂಚಾಯ್ತಿಗೂ ಉಳಿದೆಲ್ಲದರಲ್ಲಿ ವ್ಯತ್ಯಾಸ ಅಷ್ಟಕ್ಕಷ್ಟೆ. ಒಂದಕ್ಕೆ ಮೀಸಲಾತಿ ದಕ್ಕಿತು, ಇನ್ನೊಂದಕ್ಕೆ ಕೂದಲೆಳೆಯಲ್ಲಿ ತಪ್ಪಿತು. ಇಂಥ ಜೋಡಿಗಳನ್ನು ಹುಡುಕಿ, ಊರಿನ ಜನರನ್ನೂ ಸದಸ್ಯರನ್ನೂ ಮಾತಾಡಿಸಿ ಹೋಲಿಸಿದರು. ಪ್ರಯೋಗಾಲಯ ಕಟ್ಟುವ ಕೆಲಸವನ್ನು ಸರ್ಕಾರಿ ಕಡತವೇ ಮಾಡಿಟ್ಟಿತ್ತು. 2013ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಮೊದಲ ಮೇಜಿನವರ ಪರವಾಗಿರಲಿಲ್ಲ: ಅಧ್ಯಕ್ಷರ ಜಾತಿ ಬದಲಾದ ಮಾತ್ರಕ್ಕೆ ಸವಲತ್ತಿನ ಹಂಚಿಕೆ ಹೆಚ್ಚೇನೂ ಬದಲಾಗಿರಲಿಲ್ಲ. ಜಾತಿಯನ್ನು ದಾಟಿ ಪಕ್ಷದ ನಂಟು ಕೆಲಸ ಮಾಡುತ್ತಿತ್ತು.

ಹಾಗಾದರೆ ಎರಡನೆಯ ಮೇಜಿನವರು ಗೆದ್ದರೆ? ಪೂರ್ತಿ ಇಲ್ಲ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡಫ್ಲೊ ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದಲ್ಲಿ ಮಹಿಳಾ ಮೀಸಲಾತಿಯ ಬಗ್ಗೆ ಇಂಥದ್ದೇ ಹೋಲಿಕೆ ಮಾಡಿ 2004ರಲ್ಲಿ ಬರೆದರು. ಅಲ್ಲಿ ಅಧ್ಯಕ್ಷೆ ಕುಳಿತ ಕಡೆ ಕುಡಿಯುವ ನೀರಿಗೆ ಹೆಚ್ಚು ಹಣ ಹೋಗಿತ್ತು. ನೀರು ತರುವವರು ಹೆಂಗಸರು. ‘ಅಧ್ಯಕ್ಷೆ ಹೆಸರಿಗೆ, ಆಳುವುದು ಗಂಡನೇ’ ಎಂಬ ಮಾತು ಎಲ್ಲ ಕಡೆಗೂ ಸಲ್ಲದು ಎಂದಾಯಿತು. (ಆ ಇಬ್ಬರೂ ಅರ್ಥಶಾಸ್ತ್ರದ ಕಡೆಯವರು. ಈಗ ಈ ಶಾಸ್ತ್ರಗಳ ನಡುವಿನ ಬೇಲಿಯನ್ನು ಯಾರೂ ಅಷ್ಟಾಗಿ ಕಾಯುವುದಿಲ್ಲ.)

ಇನ್ನು ಯಾರು ಶುರುಮಾಡಿದರು ಎಂಬ ಪ್ರಶ್ನೆ. ಪಠ್ಯಪುಸ್ತಕಗಳು ಅರಿಸ್ಟಾಟಲನನ್ನು ‘ಪಿತಾಮಹ’ ಎಂದು ಕರೆದು ಮುಂದೆ ಹೋಗಿಬಿಡುತ್ತವೆ. ಅವನು ಮಾಡಿದ್ದೇನು ಎಂಬುದು ಆ ಬಿರುದಿಗಿಂತ ಸ್ವಾರಸ್ಯದ್ದು. ಅವನೂ ಅವನ ಶಿಷ್ಯರೂ 158 ರಾಜ್ಯಗಳ ಆಡಳಿತ ವ್ಯವಸ್ಥೆಯ ವಿವರ ಕಲೆಹಾಕಿದ್ದರು ಎಂಬ ಮಾತು ಉಳಿದುಬಂದಿದೆ. ಆದರ್ಶ ರಾಜ್ಯ ಹೇಗಿರಬೇಕೆಂದು ಗುರು ಪ್ಲೇಟೊ ಯೋಚಿಸಿದ. ಇರುವ ರಾಜ್ಯಗಳು ಹೇಗಿವೆ ಎಂದು ಶಿಷ್ಯ ಪಟ್ಟಿ ಮಾಡಿದ. ಆ ಪಟ್ಟಿಯಲ್ಲಿ ಅಥೆನ್ಸಿನದು ಮಾತ್ರ ಈಜಿಪ್ಟಿನ ಪಪೈರಸ್ ಸುರುಳಿಗಳಲ್ಲಿ ಸಿಕ್ಕಿ 1891ರಲ್ಲಿ ಅಚ್ಚಾಯಿತು. ಮಿಕ್ಕವು ಚೂರುಪಾರು.

ನಮ್ಮ ಕಡೆಯ ಕಥೆಯೂ ಇಂಥದ್ದೇ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಜನ ಶತಮಾನಗಳ ಕಾಲ ಹೆಸರಿನಿಂದಷ್ಟೇ ಬಲ್ಲವರಾಗಿದ್ದರು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟನ್ನು ಬಿಡಿಸಿ, ಅದು ಇಂಥದ್ದೆಂದು ಗುರುತಿಸಿದವರು ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು. ಮೂಲವನ್ನು 1909ರಲ್ಲಿ, ಇಂಗ್ಲಿಷ್ ಅನುವಾದವನ್ನು 1915ರಲ್ಲಿ ಹೊರತಂದರು. ಆದರೆ ಕೌಟಿಲ್ಯ ಬರೆದದ್ದು ಆಳುವವನಿಗೆ ಸಲಹೆ. ಆಳುವವರನ್ನು ದೂರದಿಂದ ನೋಡಿ ಅಳೆಯುವ ವಿದ್ಯೆ ಬೇರೆ.

ಆ ವಿದ್ಯೆ ವಿಶ್ವವಿದ್ಯಾಲಯದ ಒಳಗೆ ಬಂದದ್ದು ನಿಧಾನವಾಗಿ. ಸ್ವೀಡನ್ನಿನ ಉಪ್ಸಾಲಾದಲ್ಲಿ 1622ರಲ್ಲೇ ಒಂದು ಪೀಠ ಹುಟ್ಟಿತ್ತು, ಅದು ಇಂದಿಗೂ ಇದೆ. ಪ್ರಷ್ಯದ ಎದುರು ಫ್ರಾನ್ಸ್ ಸೋತ ಮೇಲೆ, 1872ರಲ್ಲಿ, ಪ್ಯಾರಿಸಿನಲ್ಲಿ ರಾಜ್ಯಶಾಸ್ತ್ರದ ಖಾಸಗಿ ಶಾಲೆಯೊಂದು ತೆರೆಯಿತು. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ 1880ರಲ್ಲಿ ಪ್ರತ್ಯೇಕ ವಿಭಾಗ, 1903ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞರ ಸಂಘ. ಆ ಕಾಲದ ಪಾಠವೆಂದರೆ ಸಂವಿಧಾನದ ವಿಧಿಗಳು, ಸಂಸತ್ತಿನ ಅಧಿಕಾರ, ರಾಜನ ಅಧಿಕಾರ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಹಲವು ಕಾಲೇಜುಗಳ ಪಾಠ ಇವತ್ತಿಗೂ ಅಲ್ಲಿಂದ ಬಹಳ ದೂರ ಬಂದಿಲ್ಲ. ವಿಧಿಯ ಸಂಖ್ಯೆ ಬಾಯಿಪಾಠವಾದರೆ ಅಂಕ ಬರುತ್ತದೆ.

ತಿರುವು ಬಂದದ್ದು ಶಿಕಾಗೊದಲ್ಲಿ. 1924ರ ಚುನಾವಣೆಗೆ ಮುಂಚೆ ರಾಜ್ಯಶಾಸ್ತ್ರಜ್ಞ ಹೆರಾಲ್ಡ್ ಗಾಸ್ನೆಲ್ ಸುಮಾರು 6,000 ನಾಗರಿಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ‘ಹೆಸರು ನೋಂದಾಯಿಸಿ, ಮತ ಹಾಕಿ’ ಎಂಬ ಅಂಚೆ ಕಳಿಸಿದ. ಆಮೇಲೆ ದಾಖಲೆ ತೆಗೆದು ಎರಡೂ ಗುಂಪನ್ನು ಹೋಲಿಸಿದ. ಅಂಚೆ ತಲುಪಿದವರು ಹೆಚ್ಚಾಗಿ ಹೊರಬಂದಿದ್ದರು. ಪ್ರಯೋಗಾಲಯವಿಲ್ಲ ಎಂದಿರಲ್ಲ, ಪ್ರಯೋಗ ನೂರು ವರ್ಷದ ಹಿಂದೆಯೇ ಅಂಚೆಪೆಟ್ಟಿಗೆಯಲ್ಲಿ ಆಗಿಹೋಗಿದೆ.

ಭವಿಷ್ಯದ ಮಾತಿಗೆ 1936 ನೆನಪಾಗಬೇಕು. ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರ ಸಂಗ್ರಹಿಸಿ, ಅಧ್ಯಕ್ಷ ಚುನಾವಣೆಯಲ್ಲಿ ರೂಸ್‌ವೆಲ್ಟ್ ಎದುರು ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ಪತ್ರಿಕೆ ವಿಳಾಸಗಳನ್ನು ಹೆಕ್ಕಿದ್ದು ಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ. ಮಹಾ ಆರ್ಥಿಕ ಕುಸಿತದ ಆ ಕಷ್ಟದ ದಿನಗಳಲ್ಲಿ ಅವೆರಡೂ ಇದ್ದವರು ಉಳ್ಳವರು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಸಾಕು ಎನ್ನುತ್ತೇವೆ. ಸಾಕು, ಪಾತ್ರೆಯನ್ನು ಚೆನ್ನಾಗಿ ತಿರುವಿದ್ದರೆ. ಮೇಲಿನ ಪದರದಿಂದ ಸೌಟುಗಟ್ಟಲೆ ತೆಗೆದರೂ ತಳದ ಅಕ್ಕಿಯ ಸುದ್ದಿ ತಿಳಿಯುವುದಿಲ್ಲ.

ದೆಹಲಿಯ ಲೋಕನೀತಿಯವರ ಸಮೀಕ್ಷೆ ಈ ತಿರುವುವ ಕೆಲಸವನ್ನು ಹೇಗೆ ಮಾಡುತ್ತದೆ ನೋಡಿ. ರಜನಿ ಕೊಠಾರಿ 1963ರಲ್ಲಿ ಕಟ್ಟಿದ ಅಧ್ಯಯನ ಕೇಂದ್ರದ ಭಾಗ ಅದು. ಮೊದಲು ಕ್ಷೇತ್ರ, ಆಮೇಲೆ ಮತಗಟ್ಟೆ, ಕೊನೆಗೆ ಮತದಾರರ ಪಟ್ಟಿಯಿಂದ ಲೆಕ್ಕದ ಪ್ರಕಾರ ಹೆಸರು. ಸಮೀಕ್ಷೆಯ ಹುಡುಗಿ ಆ ಹೆಸರಿನವರನ್ನೇ ಹುಡುಕಿ ಹೋಗಬೇಕು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರನ್ನು ಕೇಳಿ ಫಾರಂ ತುಂಬುವ ಹಾಗಿಲ್ಲ. ಯಾರಿಗೆ ಮತ ಹಾಕಿದಿರಿ ಎಂದು ಬಾಯಿಬಿಟ್ಟು ಕೇಳುವುದೂ ಇಲ್ಲ. ಚಿಹ್ನೆಗಳಿರುವ ನಕಲಿ ಮತಪತ್ರ ಕೊಡುತ್ತಾರೆ, ಗುರುತು ಹಾಕಿ ಪೆಟ್ಟಿಗೆಗೆ ಹಾಕಿದರಾಯಿತು. ಅತ್ತೆಯ ಎದುರು ಸೊಸೆ ಬಾಯಿಬಿಡದ ಸಂಗತಿ ಪೆಟ್ಟಿಗೆಗೆ ಗೊತ್ತಾಗುತ್ತದೆ. ಇಷ್ಟೆಲ್ಲ ಮಾಡಿದರೂ ಸೀಟಿನ ಲೆಕ್ಕ ತಪ್ಪುವುದುಂಟು. ನನ್ನನ್ನು ಕೇಳಿದರೆ ಸೀಟು ಹೇಳುವುದು ಈ ಶಾಸ್ತ್ರದ ಕೆಲಸವೇ ಅಲ್ಲ, ಟಿ.ವಿ. ಹಚ್ಚಿದ ಚಟ. ಯಾವ ಕಸುಬಿನವರು, ಯಾವ ವಯಸ್ಸಿನವರು, ಯಾಕೆ ಆ ಕಡೆ ವಾಲಿದರು ಎಂಬುದು ಅದರ ಕೆಲಸ.

ಎಣಿಕೆಯೇ ಎಲ್ಲ ಎಂದುಕೊಂಡ ಕಾಲವೂ ಒಂದಿತ್ತು. ರಾಜ್ಯಶಾಸ್ತ್ರಜ್ಞ ಡೇವಿಡ್ ಈಸ್ಟನ್ 1953ರಲ್ಲಿ ಆ ಮಾರ್ಗದ ದೊಡ್ಡ ಪ್ರತಿಪಾದಕ. ಅದೇ ಈಸ್ಟನ್ 1969ರಲ್ಲಿ, ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗ, ಅಮೆರಿಕದ ರಾಜ್ಯಶಾಸ್ತ್ರಜ್ಞರ ಸಂಘದ ಅಧ್ಯಕ್ಷನಾಗಿ ಎದ್ದು ನಿಂತು ಊರು ಉರಿಯುತ್ತಿರುವಾಗ ನಮ್ಮ ವಿದ್ಯೆ ಅದಕ್ಕೆ ಸಂಬಂಧವೇ ಇಲ್ಲದ ಹಾಗಿದೆ ಎಂಬ ಅರ್ಥದ ಮಾತಾಡಿದ. ತನ್ನದೇ ಮಾರ್ಗದ ತಪ್ಪನ್ನು ಸಭೆಯಲ್ಲಿ ಒಪ್ಪುವವರು ಯಾವ ಶಾಸ್ತ್ರದಲ್ಲೂ ವಿರಳ.

ಎಣಿಸದೆ ಕಂಡುಕೊಂಡದ್ದಕ್ಕೆ ನಮ್ಮವರದೇ ಉದಾಹರಣೆ ಇದೆ. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಉಳಿದರು. ಬರವಣಿಗೆಯಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. ಇವತ್ತು ಟಿ.ವಿ.ಯಲ್ಲಿ ದಿನಕ್ಕೆ ಹತ್ತು ಸಲ ಕೇಳುವ ‘ವೋಟ್ ಬ್ಯಾಂಕ್’ ಎಂಬ ಮಾತು ಆ ಹಳ್ಳಿಯ ಬಗ್ಗೆ ಅವರು 1955ರಲ್ಲಿ ಬರೆದ ಪ್ರಬಂಧದಿಂದ ಬಂದದ್ದು. ಈಗ ಅದನ್ನು ಇಡೀ ಸಮುದಾಯಗಳ ಮೇಲೆ ಎಸೆಯುತ್ತಾರೆ. ಶ್ರೀನಿವಾಸರ ಕಣ್ಣಿದ್ದದ್ದು ತಮ್ಮ ಒಕ್ಕಲು, ಆಳುಕಾಳು, ಸಾಲ ಪಡೆದವರ ಮತಗಳನ್ನು ಒಟ್ಟಿಗೆ ತಂದುಕೊಡಬಲ್ಲ ಯಜಮಾನರ ಮೇಲೆ. ಮಾತು ಉಳಿಯಿತು, ಯಜಮಾನ ತಪ್ಪಿಸಿಕೊಂಡ. ಶ್ರೀನಿವಾಸ್ ಸಮಾಜಶಾಸ್ತ್ರಜ್ಞರು, ಅದೂ ಸರಿ. ಆದರೆ ನಮ್ಮ ಚುನಾವಣೆಯನ್ನು ಓದುವವರು ಯಾರೂ ಅವರನ್ನು ಬಿಟ್ಟು ಮುಂದೆ ಹೋಗಲಾರರು.

ಮಗಳನ್ನು ತಡೆಯಬೇಡಿ. ಆದರೆ ಫೀಸು ಕಟ್ಟುವ ಮೊದಲು ಕಾಲೇಜಿಗೆ ಒಮ್ಮೆ ಹೋಗಿ ಎರಡು ಸಂಗತಿ ವಿಚಾರಿಸಿ: ರಾಜ್ಯಶಾಸ್ತ್ರದ ಮಕ್ಕಳಿಗೆ ಅಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಾರೆಯೇ? ಮೂರು ವರ್ಷದಲ್ಲಿ ಒಮ್ಮೆಯಾದರೂ ಅವರನ್ನು ಒಂದು ಗ್ರಾಮಸಭೆಗೆ ಕರೆದುಕೊಂಡು ಹೋಗಿ ಕೂರಿಸುತ್ತಾರೆಯೇ? ಎರಡಕ್ಕೂ ಇಲ್ಲ ಎಂದರೆ ಬೇರೆ ಕಾಲೇಜು ನೋಡಿ.