ಬದುವಿನ ಮೇಲಿನ ಗೊಬ್ಬರದ ಗಿಡ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳು ಈಗ ವಿಜಯನಗರ ಜಿಲ್ಲೆಯಲ್ಲಿವೆ. 2021ರಲ್ಲಿ ಜಿಲ್ಲೆ ಹೊಸದಾಯಿತು, ಮಳೆಯ ಹಣೆಬರಹ ಹಳೆಯದೇ. ಮಸಾರಿ ಹೊಲ, ಶೇಂಗಾ, ಜೋಳ, ಮೆಕ್ಕೆಜೋಳ. ಮಳೆ ಕೈಕೊಟ್ಟರೆ ಗುಳೆ.

ಹಿಂದೆ ಮನೆ ಮುಂದೆ ಎತ್ತು, ಹಿಂದೆ ತಿಪ್ಪೆ ಇರುತ್ತಿತ್ತು. ಈಗ ಟ್ರ್ಯಾಕ್ಟರ್ ಬಂದು ಎತ್ತು ಹೋದವು, ಅವುಗಳ ಜತೆ ತಿಪ್ಪೆಯೂ ಹೋಯಿತು. ಕುರಿ ತರುಬಿಸೋಣ ಅಂದರೆ ದಿನದ ಲೆಕ್ಕದಲ್ಲಿ ರೊಕ್ಕ ಕೊಡಬೇಕು. ಬರೀ ಚೀಲದ ಗೊಬ್ಬರ ಉಂಡ ನೆಲ ಎರಡು ವಾರ ಮಳೆ ತಡವಾದರೆ ಸಾಕು, ಬೆಳೆಯನ್ನು ಒಣಗಿಸಿಬಿಡುತ್ತದೆ. "ಅಪ್ಪಾ, ಹೊಲ ಕೋರಿಗೆ ಹಾಕಿ ಬೆಂಗಳೂರು ಸೇರೋಣ" ಅಂತ ನನ್ನ ಮಗ ಕೇಳಿದ್ದು ಇದೇ ಕಾರಣಕ್ಕೆ. ನಮ್ಮಂಥ ಮೂರೆಕರೆಯವರು ಹೊಲ ಬಿಡದೆ ಉಳಿಯಬೇಕಾದರೆ ಗೊಬ್ಬರ ಹೊಲದಲ್ಲೇ ಹುಟ್ಟಬೇಕು. ನಾನು ಆರಿಸಿಕೊಂಡದ್ದು ಗ್ಲಿರಿಸಿಡಿಯಾ. ನಾವು ಗೊಬ್ಬರದ ಗಿಡ ಅಂತೀವಿ.

ಎಲ್ಲಿಯ ಗಿಡ?

ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ್ದು. ಅಲ್ಲಿ ಕೋಕೋ ತೋಟಕ್ಕೆ ನೆರಳು ಕೊಡುವುದರಿಂದ 'ಕೋಕೋದ ತಾಯಿ' ಅನ್ನುತ್ತಾರೆ. ಗ್ಲಿರಿಸಿಡಿಯಾ ಅಂದರೆ ಇಲಿ ಕೊಲ್ಲುವುದು ಅಂತ ಅರ್ಥ. ಬೀಜ, ತೊಗಟೆ ಇಲಿಗೆ ವಿಷ. ಆದ್ದರಿಂದ ಬೀಜವನ್ನು ಮಕ್ಕಳ ಕೈಗೆ ಸಿಗುವ ಹಾಗೆ ಇಡಬೇಡಿ.

ಬೇಸಿಗೆ ಶುರುವಿನಲ್ಲಿ ಎಲೆ ಉದುರಿಸಿ, ಬರಿ ಕೊಂಬೆ ತುಂಬ ತಿಳಿಗುಲಾಬಿ ಹೂ ಬಿಡುತ್ತದೆ. ಜೇನು ಮುತ್ತುತ್ತವೆ. ಇದು ನಮ್ಮ ಹೊಂಗೆಯ ಹಾಗೆ, ತೊಗರಿಯ ಹಾಗೆ, ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುವ ಜಾತಿ. ಹಿರಿಯರು ಹೊಂಗೆ ಸೊಪ್ಪು ಹಾಕುತ್ತಿದ್ದುದು ಸುಮ್ಮನೆ ಅಲ್ಲ. ಆದರೆ ಹೊಂಗೆ ದೊಡ್ಡದಾಗಲು ವರ್ಷಗಟ್ಟಲೆ ಬೇಕು. ಇದು ಮೂರನೇ ವರ್ಷಕ್ಕೆ ಕೊಯ್ಲಿಗೆ ಬರುತ್ತದೆ, ಎಲೆಯೂ ಬೇಗ ಕೊಳೆಯುತ್ತದೆ.

ನೆಡುವುದು

ಎರಡು ದಾರಿ. ಒಂದು, ಹೆಬ್ಬೆರಳಿಗಿಂತ ದಪ್ಪನೆಯ, ಮೂರಡಿ ಉದ್ದದ ಬಲಿತ ಕಡ್ಡಿಯನ್ನು ಬುಡ ಓರೆಯಾಗಿ ಕಡಿದು, ನೆಲ ಚೆನ್ನಾಗಿ ನೆನೆದ ಮೇಲೆ ಒಂದಡಿ ಹೂಳುವುದು. ಎರಡು, ಬೀಜವನ್ನು ರಾತ್ರಿ ನೀರಲ್ಲಿ ನೆನೆಸಿ, ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮಳೆ ಹಿಡಿದಾಗ ನೆಡುವುದು. ನೀರಿದ್ದವರು ಕಡ್ಡಿ ನೆಡಲಿ. ಒಣಭೂಮಿಗೆ ಬೀಜದ ಸಸಿಯೇ ವಾಸಿ. ಕಡ್ಡಿಗೆ ತಾಯಿಬೇರು ಬರುವುದಿಲ್ಲ, ಸಸಿಯ ಬೇರು ಆಳಕ್ಕೆ ಇಳಿಯುತ್ತದೆ.

ಬದುವಿನ ಮೇಲೆ ಮೂರಡಿಗೊಂದರಂತೆ ಒಂದೇ ಸಾಲು ಸಾಕು. ಬದು ಇಬ್ಬರದಾದರೆ ಪಕ್ಕದ ಹೊಲದವರನ್ನು ಮೊದಲೇ ಒಂದು ಮಾತು ಕೇಳಿ, ನಿಮ್ಮ ಮಗ್ಗುಲಿಗೆ ನೆಡಿ. ಮೊದಲ ವರ್ಷ ದನ, ಆಡು ಬಾಯಿ ಹಾಕದಂತೆ ಮುಳ್ಳು ಹಚ್ಚಿ.

ಕಡಿಯುವುದು

ಮೂರನೇ ವರ್ಷದಿಂದ, ನೆಲದಿಂದ ಮೂರಡಿ ಬಿಟ್ಟು ಕಡಿಯಬೇಕು. ಕಡಿಯದೆ ಬಿಟ್ಟರೆ ಮರವಾಗಿ ಬೆಳೆಗೆ ನೆರಳು ಮಾಡುತ್ತದೆ. ಭರಣಿ, ಕೃತ್ತಿಕೆ ಮಳೆ ಬಿದ್ದಾಗ ಮೊದಲ ಸಲ ಕಡಿದು, ಸೊಪ್ಪು ಹರವಿ ನೇಗಿಲು ಹೊಡೆಯುತ್ತೇನೆ. ಬಿತ್ತನೆ ಹೊತ್ತಿಗೆ ಕೊಳೆತಿರುತ್ತದೆ. ಮಘೆ, ಹುಬ್ಬೆ ಹೊತ್ತಿಗೆ ಎರಡನೇ ಸಲ ಕಡಿದು ಜೋಳ, ತೊಗರಿಯ ಸಾಲಿನ ನಡುವೆ ಹೊದಿಸುತ್ತೇನೆ. ದಪ್ಪ ಕಟ್ಟಿಗೆ ಒಲೆಗೆ. ಬೀಜಕ್ಕೆ ಅಂತ ನಾಲ್ಕು ಗಿಡ ಕಡಿಯದೆ ಬಿಡಿ.

ಲೆಕ್ಕ

ಯೂರಿಯಾ ಪೂರ್ತಿ ಬಿಡಬಹುದೇ ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ನನ್ನ ಮೂರೆಕರೆ ಬದುವಿನಲ್ಲಿ ಸುಮಾರು 500 ಗಿಡ. ಗಿಡಕ್ಕೆ ಒಂದು ಸಲಕ್ಕೆ 3 ಕೆ.ಜಿ. ಸೊಪ್ಪು ಅಂದರೆ ಎರಡು ಸಲಕ್ಕೆ 3,000 ಕೆ.ಜಿ. ಹಸಿ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಮೇಲೆ ನೀರು, ಒಣಗಿದರೆ 700 ಕೆ.ಜಿ. ಆಸುಪಾಸು. ಒಣ ಎಲೆಯಲ್ಲಿ ನೂರಕ್ಕೆ 3ರಷ್ಟು ಸಾರಜನಕ ಹಿಡಿದರೆ 21 ಕೆ.ಜಿ. 45 ಕೆ.ಜಿ. ಯೂರಿಯಾ ಚೀಲದಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಮೂರೆಕರೆಗೆ ಒಂದು ಚೀಲ ಉಳಿತಾಯ, ಪೂರ್ತಿ ಅಲ್ಲ.

ಆದರೆ ಯೂರಿಯಾ ಚೀಲ ಮಣ್ಣಿಗೆ ಎಲೆ ಕೊಡುವುದಿಲ್ಲ. ವರ್ಷವರ್ಷ ಈ 700 ಕೆ.ಜಿ. ಒಣ ಸೊಪ್ಪು ಸೇರುತ್ತಾ ಬಂದರೆ ಮಸಾರಿ ಮಣ್ಣು ಹುಡಿಯಾಗುತ್ತದೆ, ಹಸಿ ಹಿಡಿಯುತ್ತದೆ. ಮಳೆ ತಡವಾದಾಗ ಸೊಪ್ಪು ಬಿದ್ದ ಪಟ್ಟಿಯ ಜೋಳ ನಾಲ್ಕು ದಿನ ತಡವಾಗಿ ಬಾಡುವುದನ್ನು ನನ್ನ ಮಗನೇ ತೋರಿಸಿದ. ಒಣಬೇಸಾಯದಲ್ಲಿ ನಾಲ್ಕು ದಿನ ಅಂದರೆ ಒಮ್ಮೊಮ್ಮೆ ಇಡೀ ಬೆಳೆ. ಈಗ ಕೋರಿನ ಮಾತು ಎತ್ತುತ್ತಿಲ್ಲ, ಬರುವ ವರ್ಷ ನೋಡೋಣ ಅಂತಾನೆ.

ಮೇವು

ವಾಸನೆಗೆ ದನ ಮೊದಲು ಮೂಸಿ ಬಿಡುತ್ತವೆ. ಅರ್ಧ ದಿನ ಬಾಡಿಸಿ ಹಾಕಿದರೆ ಮೆಲ್ಲಗೆ ರೂಢಿಯಾಗುತ್ತದೆ. ಕುರಿ, ಆಡು, ದನಕ್ಕೆ ಒಟ್ಟು ಮೇವಿನ ಕಾಲು ಭಾಗ ಮೀರದಿರಲಿ. ಕುದುರೆಗೆ ಹಾಕಲೇಬಾರದು, ಅದಕ್ಕೆ ವಿಷ.

ಈ ಮಳೆಗಾಲಕ್ಕೆ ಒಂದೇ ಬದುವಿನಲ್ಲಿ ಐವತ್ತು ಸಸಿ ನೆಡಿ. ಮೂರನೇ ವರ್ಷ ಆ ಬದುವಿನ ಪಕ್ಕದ ನಾಲ್ಕು ಸಾಲಿಗೆ ಮಾತ್ರ ಸೊಪ್ಪು ಹಾಕಿ, ಉಳಿದ ಸಾಲಿನ ಜತೆ ತಾಳೆ ನೋಡಿ. ಮುಂದಿನ ಬದುವಿಗೆ ನೆಡುವುದೋ ಬಿಡುವುದೋ ನಿಮ್ಮ ಹೊಲವೇ ಹೇಳುತ್ತದೆ.