ಕುಂಡಗಳಲ್ಲಿ ಟೊಮ್ಯಾಟೊ ಬೆಳೆಯುವುದಕ್ಕೆ ತಕ್ಕ ಮಣ್ಣಿನ ಮಿಶ್ರಣ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಎರೆಭೂಮಿಯೇ ಪ್ರಧಾನವಾದುದು. ತೊಗರಿಗೂ ಹಿಂಗಾರಿ ಜೋಳಕ್ಕೂ ಇದು ಬಹು ಯೋಗ್ಯವಾದ ಭೂಮಿಯೆಂಬುದನ್ನು ಒಕ್ಕಲಿಗರೆಲ್ಲರೂ ಬಲ್ಲರು. ಆದಕಾರಣ ಅಂಗಳದಲ್ಲಿಯೋ ಮಾಳಿಗೆಯ ಮೇಲೆಯೋ ಕುಂಡಗಳನ್ನಿಟ್ಟು ಟೊಮ್ಯಾಟೊ ಬೆಳೆಯಬಯಸುವವರು ಹೊಲದ ಎರೆಮಣ್ಣನ್ನೇ ತಂದು ತುಂಬುವುದುಂಟು. ಸಸಿಯು ಕೆಲವು ವಾರ ಚೆನ್ನಾಗಿದ್ದು, ಅನಂತರ ಎಲೆ ಹಳದಿಯಾಗಿ, ಹೂವು ಉದುರಿ, ಸೊರಗಿಹೋಗುತ್ತದೆ. ದೋಷವು ಬೀಜದ್ದೆಂದು ಹಲವರು ಭಾವಿಸುವರು; ಆದರೆ ಅನೇಕ ವೇಳೆ ಅದು ಮಣ್ಣಿನಲ್ಲಿಯೇ ಇರುತ್ತದೆ. ದೂರದಿಂದ ಕೊಡ ಹೊತ್ತು ನೀರು ತರುವ ಮನೆಗಳಿಗೆ ಇದರಿಂದಾಗುವ ನಷ್ಟವು ಅಲ್ಪವಾದುದಲ್ಲ.

ಹೊಲದ ಮಣ್ಣು ಕುಂಡಕ್ಕೆ ಏಕೆ ಒಗ್ಗದು?

ಎರೆಮಣ್ಣಿನ ಜಿಗುಟು ಕಣಗಳು ಅತಿಸೂಕ್ಷ್ಮವಾದುವು. ಅವು ನೀರು ಹೀರಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಹೊಲದಲ್ಲಿ ಮಣ್ಣಿನ ಆಳವು ಹೆಚ್ಚಾಗಿರುವುದರಿಂದ ಮೇಲಿನ ನೀರು ನಿಧಾನವಾಗಿಯಾದರೂ ಕೆಳಕ್ಕಿಳಿಯುತ್ತದೆ. ಕುಂಡದಲ್ಲಿರುವುದು ಒಂದಡಿ ಮಣ್ಣು ಮಾತ್ರ. ಅಡಿಯಲ್ಲಿ ತೂತಿದ್ದರೂ ತಳದ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಗಾಳಿಯಿಲ್ಲದೆ ಬೇರು ಕೊಳೆಯುತ್ತದೆ. ಒಣಗಿದಾಗಲಾದರೋ ಮಣ್ಣು ಕುಂಡದ ಅಂಚನ್ನು ಬಿಟ್ಟು ಬೇರೆಯಾಗುತ್ತದೆ. ಆಮೇಲೆ ಹೊಯ್ದ ನೀರು ಆ ಸಂದಿನಿಂದ ಹರಿದುಹೋಗುವುದೇ ಹೊರತು ಬೇರಿಗೆ ಮುಟ್ಟುವುದಿಲ್ಲ.

ತಳದಲ್ಲಿ ಜಲ್ಲಿ ಹಾಸಿದರೆ ನೀರು ಬೇಗ ಬಸಿಯುವುದೆಂಬ ನಂಬಿಕೆಯೂ ಸರಿಯಲ್ಲ. ಸಣ್ಣ ಕಣಗಳ ಮಣ್ಣು ತನ್ನ ನೀರನ್ನು ದೊಡ್ಡ ಸಂದುಗಳುಳ್ಳ ಜಲ್ಲಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನೀರು ನಿಲ್ಲುವ ಮಟ್ಟವು ಮೇಲಕ್ಕೇರಿ ಬೇರಿಗೆ ಇರುವ ಸ್ಥಳವೇ ಕಡಿಮೆಯಾಗುವುದು. ತೂತಿನ ಮೇಲೆ ಹೆಂಚಿನ ಚೂರೊಂದನ್ನಿಟ್ಟರೆ ಸಾಕು.

ಮಿಶ್ರಣದ ಪ್ರಮಾಣ

1930ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆಯವರು ಕುಂಡಗಳಿಗಾಗಿ ಗೊತ್ತುಪಡಿಸಿದ ಮಿಶ್ರಣದಲ್ಲಿ ಗೋಡುಮಣ್ಣು 7 ಪಾಲು, ಪೀಟ್ ಎಂಬ ಜೌಗುನೆಲದ ಕಳಿತ ಸಸ್ಯಾಂಶ 3 ಪಾಲು, ಮರಳು 2 ಪಾಲು ಇರುತ್ತದೆ. ಗೋಡುಮಣ್ಣಿನಲ್ಲಿ ಜಿಗುಟೂ ಮರಳೂ ಮೊದಲೇ ಹದವಾಗಿ ಬೆರೆತಿರುವುದರಿಂದ ಅಲ್ಲಿ ಈ ಲೆಕ್ಕವು ಸರಿಹೋಗುತ್ತದೆ. ಎರೆಮಣ್ಣಿಗೆ ಇದನ್ನೇ ಅನುಸರಿಸಕೂಡದು. ಇಲ್ಲಿ ಮಣ್ಣಿನ ಪಾಲನ್ನು ಬಹಳವಾಗಿ ಇಳಿಸಬೇಕು. ಬುಟ್ಟಿಯ ಅಳತೆಯಿಂದ ಹೀಗೆ ಬೆರೆಸತಕ್ಕದ್ದು:

ಎರೆಮಣ್ಣಾದರೆ: ಮಣ್ಣು 1, ದಪ್ಪ ಮರಳು 2, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ 2.
ಮಸಾರಿ ಮಣ್ಣು ದೊರೆತರೆ: ಮಣ್ಣು 2, ಮರಳು 1, ಗೊಬ್ಬರ 2.

ಮರಳನ್ನು ಅಲ್ಪವಾಗಿ ಬೆರೆಸಿದರೆ ಪ್ರಯೋಜನವಿಲ್ಲ. ಜಿಗುಟು ಕಣಗಳು ಮರಳಿನ ಸಂದುಗಳನ್ನು ತುಂಬಿ ಮಿಶ್ರಣವು ಗಾರೆಯಂತೆ ಗಟ್ಟಿಯಾಗುವುದು. ಮರಳಿನಲ್ಲಿ ಒಂಡು ಬೆರೆತಿದ್ದರೆ ತೊಳೆದು ಉಪಯೋಗಿಸಬೇಕು. ಮರಳಿಗೆ ಬದಲಾಗಿ ಶಹಾಬಾದ ಕಲ್ಲಿನ ಪುಡಿಯನ್ನು ಹಾಕಕೂಡದು. ಅದು ಸುಣ್ಣಕಲ್ಲು, ಎರೆಮಣ್ಣಿನಲ್ಲಿ ಸುಣ್ಣದ ಅಂಶವು ಮೊದಲೇ ಇರುತ್ತದೆ. ಸುಣ್ಣವು ಹೆಚ್ಚಾದರೆ ಗಿಡಕ್ಕೆ ಕಬ್ಬಿಣದ ಅಂಶವು ದೊರೆಯದೆ ಎಳೆಯ ಎಲೆಗಳು ಹಳದಿಯಾಗುತ್ತವೆ. ಒಲೆಯ ಬೂದಿಯನ್ನು ಹಾಕುವ ವಾಡಿಕೆಯನ್ನೂ ಇದೇ ಕಾರಣದಿಂದ ಬಿಡಬೇಕು.

ಗೊಬ್ಬರವು ಕಪ್ಪಾಗಿ, ಪುಡಿಯಾಗಿ, ದುರ್ಗಂಧವಿಲ್ಲದೆ ಇರಬೇಕು. ಕೈಗೆ ಬಿಸಿ ತಗುಲಿದರೆ ಅದಿನ್ನೂ ಕಳಿತಿಲ್ಲವೆಂದು ತಿಳಿಯತಕ್ಕದ್ದು. ಕಳಿಯದ ತೊಗರಿ ಕಟ್ಟಿಗೆಯ ಚೂರುಗಳು ಮಣ್ಣಿನ ಸಾರಜನಕವನ್ನು ತಾವೇ ಹಿಡಿದುಕೊಳ್ಳುತ್ತವೆ. ಮಾಳಿಗೆಯ ಮೇಲೆ ಭಾರವು ಕಡಿಮೆಯಾಗಬೇಕಾದರೆ ಮರಳಿನ ಒಂದು ಪಾಲಿಗೆ ಬದಲಾಗಿ ತೊಳೆದ ತೆಂಗಿನ ನಾರಿನ ಪುಡಿಯನ್ನು ಬೆರೆಸಬಹುದು.

ಬದನೆ, ಮೆಣಸಿನಕಾಯಿ, ಟೊಮ್ಯಾಟೊ ಬೆಳೆದ ಹೊಲದ ಮಣ್ಣನ್ನು ತರಕೂಡದು; ಸೊರಗು ರೋಗವು ಅದರೊಡನೆ ಬರುವ ಸಂಭವವುಂಟು. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಮಿಶ್ರಣವನ್ನು ತೇವಮಾಡಿ, ಆರಂಗುಲ ದಪ್ಪವಾಗಿ ಹರಡಿ, ತಿಳಿಯಾದ ಪ್ಲಾಸ್ಟಿಕ್ ಹಾಳೆಯಿಂದ 4ರಿಂದ 6 ವಾರ ಬಿಗಿಯಾಗಿ ಮುಚ್ಚಿಟ್ಟರೆ ರೋಗಾಣುಗಳೂ ಕಳೆಬೀಜಗಳೂ ಬಹುಮಟ್ಟಿಗೆ ನಾಶವಾಗುತ್ತವೆ.

ನಾಟಿಗೆ ಮುಂಚೆ ಪರೀಕ್ಷೆ

ಒಂದು ಕುಂಡಕ್ಕೆ ಮಿಶ್ರಣವನ್ನು ತುಂಬಿ ಎರಡು ತಂಬಿಗೆ ನೀರು ಹೊಯ್ಯಬೇಕು. ನೀರು ಬಹಳ ಹೊತ್ತು ಮೇಲೆಯೇ ನಿಂತರೆ ಮರಳು ಸಾಲದು. ಹೊಯ್ದೊಡನೆ ಎಲ್ಲವೂ ಕೆಳಗೆ ಸುರಿದುಹೋದರೆ ಗೊಬ್ಬರ ಸಾಲದು. ಅನಂತರ ಆ ಕುಂಡವನ್ನು ಬಿಸಿಲಿನಲ್ಲಿ ಪೂರ್ತಿಯಾಗಿ ಒಣಗಲು ಬಿಡಬೇಕು. ಮಣ್ಣು ಅಂಚನ್ನು ಬಿಟ್ಟು ಸಂದು ಕಾಣಿಸಿಕೊಂಡರೆ ಎರೆಯ ಪಾಲು ಇನ್ನೂ ಹೆಚ್ಚಾಗಿದೆಯೆಂದರ್ಥ. ಈ ಎರಡು ಪರೀಕ್ಷೆಗಳಿಗೆ ಹಣದ ಖರ್ಚಿಲ್ಲ.

ಒಂದು ಗಿಡಕ್ಕೆ 15ರಿಂದ 20 ಲೀಟರ್ ಹಿಡಿಯುವ, ಒಂದಡಿಗೆ ಕಡಿಮೆಯಿಲ್ಲದ ಆಳದ ಪಾತ್ರೆ ಬೇಕು. ತಳದಲ್ಲಿ ತೂತು ಮಾಡಿದ ಹಳೆಯ ಎಣ್ಣೆಡಬ್ಬಿಯೂ ಆಗುತ್ತದೆ. ಹೊರಗಡೆ ಸುಣ್ಣ ಬಳಿದರೆ ಕಾವು ತಗ್ಗುವುದು. ಕಡುಬೇಸಗೆಯಲ್ಲಿ ಹೂವು ಕಾಯಿಕಟ್ಟದು. ಆದುದರಿಂದ ಭಾದ್ರಪದ ಆಶ್ವಿನಗಳಲ್ಲಿ ಸಸಿ ನೆಟ್ಟು ಚಳಿಗಾಲದಲ್ಲಿ ಹಣ್ಣು ಪಡೆಯುವುದು ಲೇಸು. ನೀರನ್ನು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಕೊಡದೆ ಒಂದೇ ಹದದಲ್ಲಿ ಕೊಡಬೇಕು. ಇಲ್ಲವಾದರೆ ಕಾಯಿಯ ತುದಿಯು ಕಪ್ಪಾಗಿ ಕೊಳೆಯುತ್ತದೆ.

ಎರೆಮಣ್ಣು ಹೊಲಕ್ಕೆ ಐಶ್ವರ್ಯವೇ ಸರಿ. ಕುಂಡದಲ್ಲಿ ಮಾತ್ರ ಅದನ್ನು ಐದನೆಯ ಒಂದು ಪಾಲಿಗೆ ಮಿತಗೊಳಿಸಬೇಕು. ಈ ಒಂದು ನಿಯಮವನ್ನು ಪಾಲಿಸಿದವರ ಮನೆಯಲ್ಲಿ ಹೊತ್ತು ತಂದ ಕೊಡದ ನೀರು ವ್ಯರ್ಥವಾಗದೆ ಬೇರಿಗೆ ಸಲ್ಲುವುದು.